ನಿಂತ ಕಾರು ಉಳಿದ ಕಾರಲ್ಲ

ನಮ್ಮ ಅಜ್ಜನ ಮನೆಯಲ್ಲಿ ಇಪ್ಪತ್ತು ವರ್ಷ ಸತ್ತ ಕಾರೊಂದಕ್ಕೆ ಆಯುಧಪೂಜೆ ನಡೆಯಿತು. ಹಿಂದಿನ ದಿನ ಕೊಟ್ಟಿಗೆಯ ಬಾಗಿಲು ತೆಗೆದು, ಟಾರ್ಪಾಲು ಸರಿಸಿ, ಬಾನೆಟ್ಟಿನ ಧೂಳು ಒರೆಸುವುದು. ಬೆಳಿಗ್ಗೆ ಅರಿಶಿನ ಕುಂಕುಮ, ಚೆಂಡುಹೂವಿನ ಮಾಲೆ, ಎರಡೂ ಕಡೆ ಬಾಳೆಕಂದು. ಮುಂದಿನ ಚಕ್ರಗಳ ಬುಡದಲ್ಲಿ ನಿಂಬೆಹಣ್ಣು. ಇಲ್ಲಿಗೆ ಬಂದಾಗ ಪ್ರತಿವರ್ಷ ಒಂದು ತೊಡಕು. ನಿಂಬೆಹಣ್ಣು ಒಡೆಯಬೇಕಾದರೆ ಕಾರು ಒಂದಡಿಯಾದರೂ ಮುಂದೆ ಹೋಗಬೇಕಲ್ಲ! ಹೋಗುತ್ತಿರಲಿಲ್ಲ. ದೊಡ್ಡ ಮಾವ ಅತ್ತಿತ್ತ ನೋಡಿ ಅದನ್ನು ತಮ್ಮ ಹಿಮ್ಮಡಿಯಿಂದ ಮೆಟ್ಟಿ ಒಡೆಯುತ್ತಿದ್ದರು. ಮಂಗಳಾರತಿ ಆಗುತ್ತಿತ್ತು, ಫೋಟೋ ತೆಗೆಯುತ್ತಿದ್ದರು, ಟಾರ್ಪಾಲು ಮತ್ತೆ ಮುಚ್ಚುತ್ತಿದ್ದರು.

2024ರ ಪೂಜೆಯ ದಿನ ನಾನು ಕೇಳಿದೆ, "ಮಾವ, ಇದನ್ನ ಒಂದ್ಸಲ ಸ್ಟಾರ್ಟ್ ಮಾಡಿಸ್ಬಾರ್ದಾ?" ಮಾವ ಬೇಸರದಿಂದಲ್ಲ, ಪ್ರೀತಿಯಿಂದಲೇ ಹೇಳಿದರು: "ಅದು ಅಪ್ಪನ ನೆನಪು ಮಾರಾಯ್ತಿ. ಹಾಗೇ ಇರ್ಲಿ ಬಿಡು."

ಈ ಬರಹದ ಜಗಳ ಇರುವುದು ಆ 'ಹಾಗೇ ಇರ್ಲಿ' ಎಂಬ ಮಾತಿನ ಜೊತೆ.

ಕಾರು 1984ರ ಪ್ರೀಮಿಯರ್ ಪದ್ಮಿನಿ. ಕಾಗದದಲ್ಲಿ ಪದ್ಮಿನಿ, ಊರಿನ ಬಾಯಲ್ಲಿ ಇವತ್ತಿಗೂ ಫಿಯೆಟ್. ಇಟಲಿಯ ಫಿಯೆಟ್ 1100 ಕಾರನ್ನೇ ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಹೆಸರು ಬದಲಾಗಿ ಪದ್ಮಿನಿ ಆಯಿತು, ಕಾರು ಹೆಚ್ಚೇನೂ ಬದಲಾಗಲಿಲ್ಲ. 1089 ಸಿಸಿ ಎಂಜಿನ್, ಸ್ಟೀರಿಂಗ್ ಕಂಬದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಅಂದರೆ ಅಜ್ಜ ಕೊಳ್ಳುವ ಹೊತ್ತಿಗೇ ಇದು ಹಿಂದಿನ ಕಾಲದ ಕಾರಾಗಿತ್ತು.

ಅಜ್ಜ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಪಶುವೈದ್ಯರಾಗಿದ್ದರು. ಅವರಿಗೆ ಈ ಕಾರು ಪ್ರತಿಷ್ಠೆಯ ವಸ್ತುವಲ್ಲ, ಕೆಲಸದ ಹತಾರ. ಕರು ಅಡ್ಡ ಬಂದ ಹಸುವಿಗಾಗಿ ನಡುರಾತ್ರಿ ಮಳೆಯಲ್ಲಿ ಹೋಗುತ್ತಿದ್ದದ್ದು ಇದರಲ್ಲಿ. ಕೇರಿಯ ಇಬ್ಬರು ಹೆಂಗಸರನ್ನು ಹೆರಿಗೆಗೆ ತೀರ್ಥಹಳ್ಳಿಯ ಆಸ್ಪತ್ರೆಗೆ ಮುಟ್ಟಿಸಿದ್ದು ಇದರಲ್ಲಿ. ಡಿಕ್ಕಿಯಲ್ಲಿ ಔಷಧಿ ಪೆಟ್ಟಿಗೆಯ ಪಕ್ಕ ಅಡಿಕೆ ಮೂಟೆಯೂ ಬರುತ್ತಿತ್ತು, ಒಮ್ಮೆ ಕಾಲು ಮುರಿದ ಕರುವೂ ಬಂದಿತ್ತಂತೆ. 2004ರ ಮಳೆಗಾಲದಲ್ಲಿ ಅಜ್ಜ ಹೋದರು. ಕಾರನ್ನು ಕೊಟ್ಟಿಗೆಗೆ ತಳ್ಳಿ ಟಾರ್ಪಾಲು ಹೊದಿಸಿದರು. ಅವರ ಕೈಯಲ್ಲಿ ಒಂದು ದಿನವೂ ಸುಮ್ಮನೆ ನಿಲ್ಲದಿದ್ದ ವಸ್ತುವನ್ನು, ಅವರ ನೆನಪಿಗೆಂದು ಇಪ್ಪತ್ತು ವರ್ಷ ನಿಲ್ಲಿಸಿಟ್ಟರು.

'ಹಾಗೇ' ಇಟ್ಟರೆ ಯಾವುದೂ ಹಾಗೇ ಇರುವುದಿಲ್ಲ. ನಮ್ಮದು ಆಗುಂಬೆಯ ಮಳೆ ಬೀಳುವ ಸೀಮೆ. ಕೊಟ್ಟಿಗೆಯ ಗೋಡೆಯೇ ವರ್ಷದ ಆರು ತಿಂಗಳು ಬೆವರುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಆವಿಯಾಗುತ್ತ ಆಗುತ್ತ ಕಂದು ಅಂಟಾಗಿತ್ತು. ಬ್ರೇಕ್ ಆಯಿಲ್ ಗಾಳಿಯ ನೀರಿನಂಶ ಹೀರಿ ಹೀರಿ ವೀಲ್ ಸಿಲಿಂಡರುಗಳೊಳಗೆ ತುಕ್ಕು ಹಿಡಿಸಿತ್ತು. ರೇಡಿಯೇಟರಿನಲ್ಲಿ ಕೆಸರು. ಟೈರುಗಳು ಕಲ್ಲಾಗಿ ಬಿರಿದಿದ್ದವು. ಹಿಂದಿನ ಸೀಟಿನೊಳಗೆ ಇಲಿಗಳ ನಾಲ್ಕಾರು ತಲೆಮಾರು ಸಂಸಾರ ಮಾಡಿದ್ದವು, ವೈರಿಂಗ್ ಅವುಗಳ ಊಟವಾಗಿತ್ತು. ಹೊರಗಿನಿಂದ ನೋಡಿದರೆ ಕಾರು ಅಜ್ಜ ಬಿಟ್ಟುಹೋದ ಹಾಗೆಯೇ ಇತ್ತು. ನಾವು ಹಾರ ಹಾಕುತ್ತಿದ್ದದ್ದು ಆ ಹೊರಗಿಗೆ.

ಸರಿ ಮಾಡಿಸುತ್ತೇನೆ ಎಂದಾಗ ಮನೆಯಲ್ಲಿ ಮೂರು ಪಕ್ಷಗಳಾದವು. ಮೊದಲನೆಯದು ಮಾವನದು: ಮುಟ್ಟಬೇಡ, ನೆನಪು. ಎರಡನೆಯದು ಬೆಂಗಳೂರಿನಲ್ಲಿರುವ ಅವರ ಮಗನದು: ಗುಜರಿಗೆ ಹಾಕಿ, ಜಾಗವಾದರೂ ಖಾಲಿಯಾಗುತ್ತದೆ. ಮೂರನೆಯದು ಯಾರೋ ಪರಿಚಯದವರ ಮೂಲಕ ಬಂದ ಗಿರಾಕಿಯದು. ಹೆದ್ದಾರಿಯ ಪಕ್ಕ ಹೋಟೆಲು ಕಟ್ಟುತ್ತಿದ್ದ ಆತನಿಗೆ ಹಳೆ ಕಾರಿನ ಮುಂಭಾಗ ಬೇಕಿತ್ತು. ಅರ್ಧಕ್ಕೆ ಕತ್ತರಿಸಿ, ಹೆಡ್‌ಲೈಟಿಗೆ ಬಲ್ಬು ಹಾಕಿ, ಬಿಲ್ ಕೊಡುವ ಕೌಂಟರ್ ಮಾಡುವ ಯೋಜನೆ. 'ಹಳೇ ಕಾಲದ ಫೀಲ್ ಬರುತ್ತೆ' ಎಂದು 40,000 ರೂಪಾಯಿ ಹೇಳಿದ. ಆ ಮೂರರಲ್ಲಿ ಅತಿ ಹೆಚ್ಚಿನ ಬೆಲೆ ಕಟ್ಟಿದವನು ಅವನೇ.

ಮೂರೂ ಬೇರೆ ಬೇರೆ ಮಾತಿನಂತೆ ಕೇಳಿಸುತ್ತವೆ. ನನಗೆ ಒಂದೇ ಅನ್ನಿಸಿತು. ಕಾರು ಎಂದರೆ ಓಡುವಂಥದ್ದು ಎಂಬ ಸರಳ ಸಂಗತಿಯನ್ನು ಮೂವರೂ ಮರೆತಿದ್ದರು. ಒಬ್ಬರಿಗೆ ಅದು ಸಮಾಧಿ, ಒಬ್ಬರಿಗೆ ಕಬ್ಬಿಣ, ಒಬ್ಬರಿಗೆ ಅಲಂಕಾರ. ಹಳೆಯದು ಇವತ್ತಿನ ದಿನದೊಳಗೆ, ಇವತ್ತಿನ ಕೆಲಸಕ್ಕೆ ಬರಬಹುದು ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಶಿವಮೊಗ್ಗದಲ್ಲಿ ಒಬ್ಬ ಮೇಸ್ತ್ರಿಗಳು ಸಿಕ್ಕರು. ಅರವತ್ತು ದಾಟಿದವರು, ಹದಿನಾಲ್ಕನೆಯ ವಯಸ್ಸಿನಿಂದ ಫಿಯೆಟ್ ಮತ್ತು ಅಂಬಾಸಿಡರ್ ಬಿಚ್ಚಿದವರು. ನಾನು ಬ್ಯಾಟರಿ ಕೊಂಡು ಕೈಯಲ್ಲಿ ಹಿಡಿದೇ ನಿಂತಿದ್ದೆ. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ನೋಡೋಣ ಎಂಬ ಹುಮ್ಮಸ್ಸು. ಅವರು ಅದನ್ನು ಕಸಿದು ಬದಿಗಿಟ್ಟರು. "ಇಪ್ಪತ್ತು ವರ್ಷ ಮಲಗಿದವರನ್ನ ಎಬ್ಬಿಸಿದ ಕೂಡ್ಲೇ ಓಡು ಅಂತೀರೇನಮ್ಮ?"

ಅವರು ಮಾಡಿದ ಕೆಲಸವನ್ನು ವಿವರವಾಗಿಯೇ ಹೇಳುತ್ತೇನೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು 'ಶ್ರಮ', 'ಕಾಯಕ' ಎಂಬ ಪದಗಳನ್ನು ಧಾರಾಳವಾಗಿ ಬಳಸುತ್ತೇವೆ, ಒಂದು ಕೆಲಸ ಹೇಗೆ ನಡೆಯುತ್ತದೆ ಎಂದು ನೋಡುವುದು ಅಪರೂಪ.

ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಆ ತೂತುಗಳಿಂದ ಪ್ರತಿ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು ಎರಡು ದಿನ ಹಾಗೆಯೇ ಬಿಟ್ಟರು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿರುತ್ತವೆ. ಆಗ ಸ್ಟಾರ್ಟರ್ ಕೊಟ್ಟರೆ ರಿಂಗು ಮುರಿಯುತ್ತದೆ, ಗೋಡೆ ಗೀರಿಹೋಗುತ್ತದೆ. ಮೂರನೆಯ ದಿನ ಟಾಪ್ ಗೇರಿಗೆ ಹಾಕಿ, ಕಾರನ್ನು ಹಿಂದಿನಿಂದ ಒಂದೊಂದೇ ಇಂಚು ತಳ್ಳಲು ಹೇಳಿದರು. ನಾನು, ಮಾವ, ಪಕ್ಕದ ಮನೆಯ ಹುಡುಗ ತಳ್ಳಿದೆವು. ಅಲುಗಲಿಲ್ಲ. ಮತ್ತೆ ಎಣ್ಣೆ, ಮತ್ತೆ ಒಂದು ರಾತ್ರಿ. ಮರುದಿನ ತಳ್ಳುವಾಗ ಒಳಗೆ ಏನೋ ಬಿಟ್ಟುಕೊಂಡ ಹಾಗೆ 'ಟಕ್' ಎಂದಿತು. ಮೇಸ್ತ್ರಿಗಳು ಬಾನೆಟ್ಟಿನ ಮೇಲೆ ಕೈಯಿಟ್ಟು, "ತಿರುಗ್ತು" ಎಂದರು. ನಾನು ಪಿಎಚ್‌ಡಿಗೆ ಸೇರಿದ ಮೇಲೆ ಇಷ್ಟು ಖಚಿತವಾದ ಫಲಿತಾಂಶ ಕಂಡದ್ದು ಅದೇ ಮೊದಲು.

ಇನ್ನು ಸ್ಟಾರ್ಟ್ ಮಾಡಬಹುದಲ್ಲ ಎಂದೆ. "ಓಡಿಸೋದು ಆಮೇಲೆ. ಮೊದ್ಲು ನಿಲ್ಲಿಸೋದು ನೋಡೋಣ" ಎಂದು ಬ್ರೇಕಿಗೆ ಕೈಹಾಕಿದರು. ನಾಲ್ಕು ಡ್ರಮ್ಮುಗಳಲ್ಲಿ ಎರಡನ್ನು ಸುತ್ತಿಗೆಯಿಂದ ಸುತ್ತಲೂ ತಟ್ಟಿ ತಟ್ಟಿ ಬಿಡಿಸಬೇಕಾಯಿತು. ವೀಲ್ ಸಿಲಿಂಡರುಗಳು, ಮಾಸ್ಟರ್ ಸಿಲಿಂಡರಿನ ರಬ್ಬರುಗಳು, ಚಕ್ರಕ್ಕೆ ಹೋಗುವ ಹೋಸುಗಳು ಎಲ್ಲವನ್ನೂ ಬದಲಿಸಿದರು. ಹೊರಗೆ ಚೆನ್ನಾಗಿ ಕಾಣುವ ಹಳೆ ಬ್ರೇಕ್ ಹೋಸು ಒಳಗೆ ಊದಿಕೊಂಡಿರುತ್ತದೆ. ಆಗ ಪೆಡಲು ಬಿಟ್ಟರೂ ಬ್ರೇಕು ಹಿಡಿದೇ ಇರುತ್ತದೆ. ಇದನ್ನು ಕಣ್ಣಿನಿಂದ ಕಾಣಲಾಗುವುದಿಲ್ಲ, ಅನುಭವದಿಂದ ಊಹಿಸಬೇಕು.

ಆಮೇಲೆ ಟ್ಯಾಂಕು ಇಳಿಸಿ, ಒಳಗೆ ಜಲ್ಲಿ ಮತ್ತು ಡೀಸೆಲ್ ಹಾಕಿ ಕುಲುಕಿ ತುಕ್ಕು ತೆಗೆದರು. ಎಸಿ ಪಂಪ್ ಎಂದು ಅವರು ಕರೆಯುವ ಪೆಟ್ರೋಲ್ ಪಂಪಿನ ಡಯಾಫ್ರಾಮು ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಕಾರ್ಬುರೇಟರಿನ ಜೆಟ್‌ಗಳು ಅಂಟಿನಿಂದ ಮುಚ್ಚಿಹೋಗಿದ್ದವು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಉಜ್ಜಿ, ನಡುವಿನ ಸಂದು ಹೊಂದಿಸಿದರು. ಹೊಸ ವೈರಿಂಗ್ ಎಳೆದರು. ಎಂಜಿನ್ ಆಯಿಲ್, ಗೇರ್ ಆಯಿಲ್ ಎಲ್ಲ ಹೊಸದು. ಸಾಮಾನುಗಳಿಗಾಗಿ ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದೆ. ಒಂದು ಅಂಗಡಿಯಲ್ಲಿ ಹಿರಿಯರೊಬ್ಬರು ಡಯಾಫ್ರಾಮಿನ ಪೊಟ್ಟಣ ಕೈಗೆ ಕೊಟ್ಟು, "ಇದೇ ಕೊನೇದು, ಇನ್ನು ತರ್ಸೋದಿಲ್ಲ" ಎಂದರು. ಬೇಡಿಕೆ ಇಲ್ಲದಿದ್ದರೆ ಯಾಕೆ ತರಿಸಿಯಾರು? ನಮ್ಮ ಹಾಗೆ ಹಾರ ಹಾಕಿ ಮುಚ್ಚಿಟ್ಟವರು ಡಯಾಫ್ರಾಮು ಕೊಳ್ಳುವುದಿಲ್ಲವಲ್ಲ.

ಎಲ್ಲ ಸೇರಿ, ನಾಲ್ಕು ಟೈರೂ ಒಳಗೊಂಡು, ಸುಮಾರು 70,000 ರೂಪಾಯಿ ಆಯಿತು. ಆರು ತಿಂಗಳ ಫೆಲೋಶಿಪ್ ಬಾಕಿ ಒಟ್ಟಿಗೆ ಬಂದದ್ದರಿಂದ ಸಾಧ್ಯವಾಯಿತು. ಮೊದಲ ಸಲ ಎಂಜಿನ್ ಹೊತ್ತಿಕೊಂಡಾಗ ಸಿಲಿಂಡರಿಗೆ ಬಿಟ್ಟಿದ್ದ ಎಣ್ಣೆಯೆಲ್ಲ ಉರಿದು ಅಂಗಳದ ತುಂಬ ನೀಲಿ ಹೊಗೆ. ಅಜ್ಜಿ ಒಳಗಿನಿಂದ ಬಂದು, "ಎಲ್ಲಿಗೆ ಹೋಗೋದು ಈಗ?" ಎಂದು ಕೇಳಿದಳು. ಇಪ್ಪತ್ತು ವರ್ಷದ ಪೂಜೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು.

ಎಂಜಿನ್ನು ಎದ್ದಿತು. ಕಾಗದ ಏಳಬೇಕಿತ್ತು.

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸುತ್ತ ಹೋಗಬಹುದು. ನಮ್ಮ ಆರ್‌ಸಿ ಅಜ್ಜನ ಜೊತೆಗೇ ಮುಗಿದಿತ್ತು. ಕೆಎ ಎಂಬ ಅಕ್ಷರಗಳು ಬರುವುದಕ್ಕೂ ಮುಂಚಿನ ಹಳೆಯ ನಂಬರು, ಕೈಬರಹದ ಪುಸ್ತಕ. ಕಂಪ್ಯೂಟರಿನಲ್ಲಿ ಈ ಕಾರು ಇರಲೇ ಇಲ್ಲ. ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31, ಮಾವಂದಿರ ಒಪ್ಪಿಗೆ, ಹಳೆ ದಾಖಲೆ ಹುಡುಕಿಸಿ ಕಂಪ್ಯೂಟರಿಗೆ ಏರಿಸುವುದು ಎಂದು ತಿಂಗಳುಗಳು ಕಳೆದವು. ಒಂದೇ ಕಚೇರಿಯ ಎರಡು ಮೇಜುಗಳಲ್ಲಿ ತಡವಾದ ದಂಡಕ್ಕೆ ಎರಡು ಲೆಕ್ಕ ಹೇಳಿದರು. ಅದು ನಮ್ಮ ಎಲ್ಲ ಕಚೇರಿಗಳ ಕತೆ, ಬೆಳೆಸುವುದಿಲ್ಲ.

ನನ್ನ ತಕರಾರು ಕಚೇರಿಯ ಜೊತೆಗಲ್ಲ, ನಿಯಮದ ಹಿಂದಿರುವ ಯೋಚನೆಯ ಜೊತೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಶುಲ್ಕ ಆಗ 5,000 ಆಯಿತು. ನಾನು ಅರ್ಜಿ ಹಿಡಿದು ಓಡಾಡುತ್ತಿದ್ದಾಗಲೇ, 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಬೇರೆ. ಇದು ಹೊಗೆಗೆ ಹಾಕಿದ ದಂಡವಲ್ಲ. ಹೊಗೆ ಕಡಿಮೆಯಿದ್ದರೂ ಅಷ್ಟೇ, ಜಾಸ್ತಿಯಿದ್ದರೂ ಅಷ್ಟೇ. ಬ್ರೇಕು ಚೆನ್ನಾಗಿದ್ದರೂ ಅಷ್ಟೇ, ಹಾಳಾಗಿದ್ದರೂ ಅಷ್ಟೇ. ಇದು ವಯಸ್ಸಿಗೆ ಹಾಕಿದ ದಂಡ.

ಹಾಗಾದರೆ ಹಳೆಯ ಕಾರುಗಳಿಗೆ ಕಾನೂನಿನಲ್ಲಿ ಗೌರವವೇ ಇಲ್ಲವೇ? ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಬದಲಾಗಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, 'ವಿಎ' ಎಂಬ ಅಕ್ಷರಗಳಿರುವ ವಿಶೇಷ ನಂಬರು. ಆದರೆ ಆ ನಂಬರಿನ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಅಧ್ಯಯನಕ್ಕೆ, ಪೆಟ್ರೋಲು ತುಂಬಿಸಲು, ರಿಪೇರಿಗೆ ಒಯ್ಯಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ ಸರ್ಕಾರವೂ ನಮ್ಮ ಮಾವನ ಹಾಗೆಯೇ: ಹಾರ ಹಾಕುತ್ತೇನೆ, ಓಡಿಸಬೇಡ.

ನಮ್ಮ ಕಾರಿಗೆ 41 ವರ್ಷ. ವಿಂಟೇಜ್ ಆಗಲು ಇನ್ನೂ ಒಂಬತ್ತು ವರ್ಷ ಬೇಕು, ದುಬಾರಿ ಶುಲ್ಕ ಕಟ್ಟಲು ಮಾತ್ರ ವಯಸ್ಸು ಮೀರಿ ಹೋಗಿದೆ. ಸಾಮಾನ್ಯ ಮನೆಗಳ ಹಳೆಯ ವಸ್ತುಗಳೆಲ್ಲ ನಿಂತಿರುವುದು ಈ ನಡುವಿನ ಜಾಗದಲ್ಲೇ. ಮಹಾರಾಜರ ಕಾರಿಗೆ ಮ್ಯೂಸಿಯಂ ಇದೆ. ಶ್ರೀರಂಗಪಟ್ಟಣದ ಬಳಿಯ 'ಪಯಣ'ದಂಥ ಸಂಗ್ರಹಾಲಯಗಳನ್ನು ನಾನೂ ಬಾಯಿ ತೆರೆದುಕೊಂಡು ನೋಡಿದ್ದೇನೆ, ಅವು ಇರಬೇಕು. ಆದರೆ ಪಶುವೈದ್ಯರ ಫಿಯೆಟ್ಟಿಗೆ ಮ್ಯೂಸಿಯಂ ಬೇಕಿಲ್ಲ. ಅದಕ್ಕೆ ಬೇಕಾದದ್ದು ತೀರ್ಥಹಳ್ಳಿಗೆ ಹೋಗಿಬರುವ ರಸ್ತೆ.

ಮುಂಬೈಯಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಇದೇ ಪದ್ಮಿನಿ ಅಲ್ಲಿ ದಶಕಗಳ ಕಾಲ ಕಪ್ಪು-ಹಳದಿ ಟ್ಯಾಕ್ಸಿಯಾಗಿತ್ತು. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆಯಿಂದ ಮಾಯವಾದವು. ಹಗಲಿಡೀ ದುಡಿಯುವ ಟ್ಯಾಕ್ಸಿಗೆ ಮಿತಿ ಇರುವುದು ನನಗೆ ತಪ್ಪಾಗಿ ಕಾಣುವುದಿಲ್ಲ. ಆದರೆ ಆ ವಾರ ಎಷ್ಟು ಕಣ್ಣೀರಿನ ಬರಹಗಳು ಬಂದವು! ಒಂದನ್ನಾದರೂ ಮ್ಯೂಸಿಯಂನಲ್ಲಿ ಇಡಿ ಎಂಬ ಬೇಡಿಕೆಯೂ ಬಂತು. ಬಳಸುವ ತನಕ ಅದರ ಬಗ್ಗೆ ಒಂದು ಸಾಲು ಬರೆಯದವರು, ಹೋಗುವ ದಿನ ಅದನ್ನು ಗಾಜಿನೊಳಗೆ ಇಡಲು ಹೊರಡುತ್ತಾರೆ. ಗುಜರಿ, ಇಲ್ಲವೇ ಗಾಜು. ನಮಗೆ ಮೂರನೆಯದು ಹೊಳೆಯುವುದಿಲ್ಲ.

ಬೇರೆ ಕಡೆ ಹೊಳೆದಿದೆ. ಜರ್ಮನಿಯಲ್ಲಿ 30 ವರ್ಷ ದಾಟಿದ ಕಾರನ್ನು ತಜ್ಞರು ಪರೀಕ್ಷಿಸಿ, ಮೂಲ ಸ್ಥಿತಿಯಲ್ಲಿ ಚೆನ್ನಾಗಿ ಇಟ್ಟುಕೊಂಡಿದ್ದರೆ ನಂಬರಿನ ಕೊನೆಗೆ 'ಎಚ್' ಅಕ್ಷರ ಕೊಡುತ್ತಾರೆ. ಅದನ್ನು ಸಾಮಾನ್ಯ ಕಾರಿನಂತೆ ರಸ್ತೆಯಲ್ಲಿ ಓಡಿಸಬಹುದು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಬದಲಾಗದ ಕಾರಿಗೆ ರಸ್ತೆ ತೆರಿಗೆಯೇ ಇಲ್ಲ, ವಾರ್ಷಿಕ ತಪಾಸಣೆಯಿಂದಲೂ ವಿನಾಯಿತಿ. ನಾನು ಅಷ್ಟು ದೂರ ಹೋಗುವುದಿಲ್ಲ. ತಪಾಸಣೆ ಬೇಡ ಎಂದು ಕೇಳುವುದೇ ಇಲ್ಲ. ನಮ್ಮ ಕಾರನ್ನು ನೋಡಿದ ಇನ್ಸ್‌ಪೆಕ್ಟರ್ ಬ್ರೇಕು ಹಿಡಿಸಿದರು, ಲೈಟು ಹಾಕಿಸಿದರು, ಚಾಸಿ ನಂಬರಿನ ಅಚ್ಚು ತೆಗೆದುಕೊಂಡರು, ಒಂದು ಇಂಡಿಕೇಟರ್ ಸರಿ ಮಾಡಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸಿದರು. ಅವರು ಮಾಡಿದ್ದೇ ಸರಿ. ಐದು ವರ್ಷಕ್ಕೊಮ್ಮೆ ಅಲ್ಲ, ವರ್ಷಕ್ಕೊಮ್ಮೆ ಬಾ ಎಂದರೂ ಹೋಗುತ್ತೇನೆ. ಕಾರನ್ನು ನೋಡಿ ತೀರ್ಮಾನಿಸಿ, ಹುಟ್ಟಿದ ತಾರೀಕು ನೋಡಿ ಅಲ್ಲ.

ದೆಹಲಿ ಸುತ್ತಮುತ್ತ ತಾರೀಕು ನೋಡಿಯೇ ತೀರ್ಮಾನಿಸಲು ಹೊರಟರು. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ಓಡಬಾರದೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ವಾಹನಗಳಿಗೆ ದೆಹಲಿಯ ಬಂಕುಗಳಲ್ಲಿ ಇಂಧನವನ್ನೇ ಹಾಕಬಾರದು ಎಂದರು. ಜನರ ಆಕ್ರೋಶಕ್ಕೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ದೆಹಲಿಯ ಗಾಳಿ ಕೆಟ್ಟಿರುವುದು ನಿಜ, ಏನಾದರೂ ಮಾಡಲೇಬೇಕಾದದ್ದೂ ನಿಜ. ಆದರೆ ದಿನಕ್ಕೆ ನೂರು ಕಿಲೋಮೀಟರ್ ಓಡುವ ಹದಿನಾಲ್ಕು ವರ್ಷದ ಕಾರು ನಿರಪರಾಧಿ, ವಾರಕ್ಕೆ ಹತ್ತು ಕಿಲೋಮೀಟರ್ ಓಡುವ ಹದಿನಾರು ವರ್ಷದ ಕಾರು ಅಪರಾಧಿ ಎಂಬ ಲೆಕ್ಕ ಗಾಳಿಗೆ ಅರ್ಥವಾಗುತ್ತದೆಯೇ?

ಇಲ್ಲಿಗೆ ಬಂದಾಗ ಗೆಳೆಯರು ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ಪರಿಸರದ ಬಗ್ಗೆ ಸೆಮಿನಾರಿನಲ್ಲಿ ಮಾತಾಡಿ, ಹೊಗೆ ಕಾರುವ ಕಾರಿಗೆ ವಕಾಲತ್ತು ಮಾಡುತ್ತೀಯಲ್ಲ ಎಂದು. ನ್ಯಾಯವಾದ ಪ್ರಶ್ನೆ. ನಮ್ಮ ಫಿಯೆಟ್ಟಿನಲ್ಲಿ ಕೆಟಲಿಟಿಕ್ ಕನ್ವರ್ಟರ್ ಇಲ್ಲ. ಇವತ್ತಿನ ಬಿಎಸ್6 ಕಾರಿಗಿಂತ ಅದು ಕಿಲೋಮೀಟರಿಗೆ ಬಹಳ ಹೆಚ್ಚು ವಿಷ ಬಿಡುತ್ತದೆ. ಅಪಘಾತವಾದರೆ ಒಳಗಿದ್ದವರನ್ನು ಕಾಪಾಡುವ ಏರ್‌ಬ್ಯಾಗು ಇಲ್ಲ. ಇದನ್ನು ಮುಚ್ಚಿಟ್ಟು ವಾದಿಸಿದರೆ ನಾನು ಹಳೆಯದರ ಭಕ್ತೆಯಾಗುತ್ತೇನೆ ಅಷ್ಟೇ. ಎಲ್ಲರೂ ಫಿಯೆಟ್ ಓಡಿಸಲಿ ಎನ್ನುತ್ತಿಲ್ಲ, ಹಳೆಯ ಕಾರೇ ಹಸಿರು ಎಂದೂ ಹೇಳುತ್ತಿಲ್ಲ. ನಾನು ಅದನ್ನು ಹೆದ್ದಾರಿಯಲ್ಲಿ ಓಡಿಸುವುದಿಲ್ಲ, ಐವತ್ತರ ವೇಗ ದಾಟಿಸುವುದಿಲ್ಲ, ತಿಂಗಳಿಗೆ ನೂರು ಕಿಲೋಮೀಟರು ಆಗುವುದೂ ಕಷ್ಟ. ಹೊಗೆ ಅಳೆಯಿರಿ, ಕಿಲೋಮೀಟರ್ ಅಳೆಯಿರಿ, ಅದರ ಮೇಲೆ ಶುಲ್ಕ ಹಾಕಿ, ಬೇಕಾದರೆ ವರ್ಷಕ್ಕೆ ಇಷ್ಟೇ ಓಡಬೇಕೆಂದು ಮಿತಿ ಹಾಕಿ. ಅದನ್ನು ಒಪ್ಪುತ್ತೇನೆ. ಹೊಸ ಕಾರಿನ ತಯಾರಿಕೆಗೂ ಗಣಿ ಬೇಕು, ಉಕ್ಕು ಬೇಕು, ಕರೆಂಟು ಬೇಕು. ಆರೇಳು ವರ್ಷಕ್ಕೊಮ್ಮೆ ಕಾರು ಬದಲಿಸುವ ಮನೆಯನ್ನು ಪರಿಸರಪ್ರೇಮಿ ಎಂದು, ನಲವತ್ತು ವರ್ಷ ಒಂದನ್ನೇ ರಿಪೇರಿ ಮಾಡಿಕೊಂಡ ಮನೆಯನ್ನು ಅಪರಾಧಿ ಎಂದು ಕರೆಯುವ ಮೊದಲು ಆ ಲೆಕ್ಕವನ್ನೂ ಹಾಕಿ ಎನ್ನುತ್ತೇನೆ.

ಇನ್ನೊಂದು ಸಂಗತಿ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. 2030ಕ್ಕೆಂದು ಇಟ್ಟಿದ್ದ ಈ ಗುರಿಯನ್ನು 2025ಕ್ಕೇ ತಂದರು. ಕಬ್ಬು ಬೆಳೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎಥನಾಲ್ ನೀರಿನಂಶ ಹೀರುತ್ತದೆ, ಅದಕ್ಕೆಂದು ತಯಾರಾಗದ ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಬಿರಿಯಿಸುತ್ತದೆ. ಮೇಸ್ತ್ರಿಗಳು ಪೆಟ್ರೋಲಿನ ಹೋಸುಗಳನ್ನೆಲ್ಲ ಎಥನಾಲ್ ತಡೆಯುವ ಹೊಸ ಬಗೆಯದಕ್ಕೆ ಬದಲಿಸಿದರು. ಆಮೇಲೆ ಒಂದು ಎಚ್ಚರಿಕೆ ಕೊಟ್ಟರು: "ಈ ಪೆಟ್ರೋಲ್ ಹಾಕಿ ನಿಲ್ಲಿಸಿದ್ರೆ ಟ್ಯಾಂಕ್ ಬೇಗ ತುಕ್ಕು ಹಿಡೀತದೆ. ವಾರಕ್ಕೊಮ್ಮೆ ಓಡಿಸ್ಲೇಬೇಕು." ಮೊದಲಾದರೆ 'ಹಾಗೇ ಇರ್ಲಿ' ಎಂದವರ ಕಾರು ಇಪ್ಪತ್ತು ವರ್ಷಕ್ಕೆ ಹಾಳಾಗುತ್ತಿತ್ತು. ಇನ್ನು ಮುಂದೆ ಅಷ್ಟು ಕಾಲವೂ ಬೇಕಿಲ್ಲ.

ಇಷ್ಟೆಲ್ಲ ಒಂದು ಕಾರಿಗಾಗಿಯೇ ಎಂದು ಕೇಳಿದರೆ, ಕಾರಿಗಾಗಿ ಮಾತ್ರ ಅಲ್ಲ. ಆ ಮೇಸ್ತ್ರಿಗಳ ಮಗ ಹೊಸ ಕಾರುಗಳ ಶೋರೂಮಿನ ವರ್ಕ್‌ಶಾಪಿನಲ್ಲಿದ್ದಾನೆ. ಅಲ್ಲಿ ಸ್ಕ್ಯಾನರ್ ಚುಚ್ಚಿದರೆ ಕಾರೇ ತನ್ನ ಕಾಯಿಲೆ ಹೇಳುತ್ತದೆ, ಆ ಭಾಗ ಕಿತ್ತು ಹೊಸದು ಹಾಕುತ್ತಾರೆ. ಅದೂ ಒಂದು ವಿದ್ಯೆಯೇ, ಕೀಳಲ್ಲ. ಆದರೆ ಸ್ಟಾರ್ಟ್ ಮಾಡಿದ ಎಂಜಿನ್ನಿನ ಪಕ್ಕ ನಿಂತು, ತಲೆ ವಾರೆ ಮಾಡಿ ಕೇಳಿ, ಮೂರನೆಯ ಸಿಲಿಂಡರ್ ಸರಿಯಾಗಿ ಹೊಡೆಯುತ್ತಿಲ್ಲ ಎನ್ನುವ ವಿದ್ಯೆ ಬೇರೆ. ಅದಕ್ಕೆ ಪುಸ್ತಕವಿಲ್ಲ, ಪದವಿಯಿಲ್ಲ. ಅದು ಉಳಿಯುವುದು ಓಡುವ, ಕೆಡುವ, ರಿಪೇರಿಗೆ ಬರುವ ಕಾರುಗಳಿದ್ದರೆ ಮಾತ್ರ. ಮ್ಯೂಸಿಯಂ ತಗಡನ್ನು ಉಳಿಸುತ್ತದೆ, ಈ ಕಿವಿಯನ್ನು ಉಳಿಸಲಾರದು.

ನಾನು ಕೆಲಸ ಮಾಡುತ್ತಿರುವುದು ಹಳೆಯ ಕನ್ನಡ ಪತ್ರಿಕೆಗಳ ಮೇಲೆ. ಒಂದು ಗ್ರಂಥಾಲಯದಲ್ಲಿ ನನಗೆ ಬೇಕಾದ ಸಂಪುಟಗಳನ್ನು ಕೊಡಲು ಮೂರು ತಿಂಗಳು ಸತಾಯಿಸಿದರು. "ಮುಟ್ಟಿದ್ರೆ ಹಾಳಾಗ್ತವೆ ಮೇಡಂ." ಕೊನೆಗೆ ಬೀರು ತೆಗೆದಾಗ ಯಾರೂ ಮುಟ್ಟದೆಯೇ ಹುಳ ಅರ್ಧ ತಿಂದು ಮುಗಿಸಿತ್ತು. ಹಳಗನ್ನಡದ ವಿಷಯವೂ ಹೀಗೆಯೇ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿತು, ಸಂಭ್ರಮಪಟ್ಟೆವು. ಅದು ನಮ್ಮ 'ವಿಎ' ನಂಬರು. ನವೆಂಬರಿನಲ್ಲಿ ಹೊರಗೆ ತೆಗೆದು ಮೆರವಣಿಗೆ ಮಾಡುತ್ತೇವೆ, ಪಂಪ-ರನ್ನರ ಹೆಸರಿಗೆ ಜೈಕಾರ ಹಾಕುತ್ತೇವೆ. ಎಂ.ಎ. ತರಗತಿಯಲ್ಲಿ ಹತ್ತು ಪದ್ಯ ತಾವಾಗಿ ಓದಿ ಅರ್ಥ ಬಿಡಿಸಬಲ್ಲವರು ಎಷ್ಟು ಮಂದಿ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ನಾನೂ ಎರಡು ವರ್ಷ ಗೈಡ್ ಓದಿಯೇ ಪಾಸಾದವಳು. ಸ್ಥಾವರ-ಜಂಗಮದ ಬಗ್ಗೆ ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡುವ ನಾಡು ಇದು. ಕೈಗೆ ಸಿಕ್ಕ ಜಂಗಮವನ್ನೆಲ್ಲ ಮೊದಲು ಸ್ಥಾವರ ಮಾಡಿ ಆಮೇಲೆ ಕೈಮುಗಿಯುವುದೂ ಇದೇ ನಾಡು. ಪ್ರೀತಿ ಇಲ್ಲದ್ದರಿಂದ ಹೀಗಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಬಳಸಿದರೆ ಸವೆಯುತ್ತದೆ, ಕೆಡುತ್ತದೆ, ಆಗ ಕೈ ಕೊಳೆ ಮಾಡಿಕೊಳ್ಳಬೇಕಾಗುತ್ತದೆ. ಹಾರ ಹಾಕುವುದು ಅದಕ್ಕಿಂತ ಸುಲಭ.

2025ರ ಆಯುಧಪೂಜೆಗೆ ಕಾರು ನಿಂಬೆಹಣ್ಣಿನ ಮೇಲೆ ತಾನೇ ಹತ್ತಿತು. ಓಡಿಸಿದ್ದು ಮಾವ. ಅವರಿಗೆ ಸ್ಟೀರಿಂಗ್ ಪಕ್ಕದ ಗೇರು ಮರೆತುಹೋಗಿರಲಿಲ್ಲ. ಆಮೇಲೆ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದೆವು. ವಾಪಸ್ ಬರುವಾಗ ಹೋಸೊಂದು ಸಡಿಲವಾಗಿ ರೇಡಿಯೇಟರಿನ ನೀರು ಸೋರಿ, ದಾರಿಬದಿಯ ಮನೆಯೊಂದರಲ್ಲಿ ನೀರು ಕೇಳಿ ತುಂಬಿಸಿಕೊಂಡೆವು. ಆ ಮನೆಯವರು ಕಾರನ್ನು ಗುರುತಿಸಿ, "ಇದು ದನದ ಡಾಕ್ಟರ ಫಿಯೆಟ್ ಅಲ್ವಾ?" ಎಂದರು. ಗೇರ್ ಬಾಕ್ಸಿನಿಂದ ಎಣ್ಣೆ ಈಗಲೂ ಸ್ವಲ್ಪ ಸೋರುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲು ಕೆಳಗಿನ ತಗಡಿಗೆ ಬಣ್ಣ ಹೊಡೆಸಬೇಕು. ಕೆಲಸ ಮುಗಿದಿಲ್ಲ, ಮುಗಿಯುವುದೂ ಇಲ್ಲ.

ನಿಮ್ಮ ಊರಿನ ಮನೆಯಲ್ಲೂ ಟಾರ್ಪಾಲಿನ ಕೆಳಗೆ ಒಂದು ಫಿಯೆಟ್ಟೋ, ಅಂಬಾಸಿಡರೋ, ಅಪ್ಪನ ಸ್ಕೂಟರೋ ಇರಬಹುದು. ಈ ರಜೆಗೆ ಹೋದಾಗ ಟಾರ್ಪಾಲು ತೆಗೆದು ನೋಡಿ. ದಯವಿಟ್ಟು ಬ್ಯಾಟರಿ ಹಾಕಿ ಕೀಲಿ ತಿರುಗಿಸಬೇಡಿ, ಪ್ಲಗ್ ಬಿಚ್ಚಿ ಎಣ್ಣೆ ಬಿಡಿ, ಎರಡು ದಿನ ಕಾಯಿರಿ. ಅದಕ್ಕೂ ಮೊದಲು ನಿಮ್ಮ ತಾಲ್ಲೂಕಿನಲ್ಲಿ ಅರವತ್ತು ದಾಟಿದ ಮೇಸ್ತ್ರಿ ಯಾರಿದ್ದಾರೆ ಎಂದು ವಿಚಾರಿಸಿ, ಅವರ ಅಂಗಡಿಗೆ ಹೋಗಿ. ಕಾರು ಇನ್ನೊಂದೆರಡು ವರ್ಷ ಕಾದೀತು. ಅವರು ಅಂಗಡಿ ಮುಚ್ಚಿದರೆ, ನಿಮಗೆ ಉಳಿಯುವುದು ಹಾರ ಮತ್ತು ಹಿಮ್ಮಡಿ.